ಕೊಂಬುಚಾ ಮಾಡ್ತೀರಾ? ಲೀಟರ್ ಬಿಡಿ, ತೂಕ ಹಿಡೀರಿ

ಬಳ್ಳಾರಿ ಬಿಸಿಲಿಗೆ ತಣ್ಣನೆಯ ಕೊಂಬುಚಾ (ಸಿಹಿ ಚಹಾ ಹುಳಿಬರಿಸಿ ಮಾಡುವ ಪಾನೀಯ) ಇದ್ದರೆ ಎಷ್ಟು ಹಿತ ಅಲ್ವಾ! ಆದರೆ ಒಂದು ಸಲ ಬಂದ ರುಚಿ ಮುಂದಿನ ಸಲ ಬರುವುದಿಲ್ಲ. ಬಹಳ ಸಲ ಅದಕ್ಕೆ ಕಾರಣ ಅಳತೆ. ಮಗ್ಗಿನ ಗೆರೆ ನಂಬಬೇಡಿ. ಬಿಸಿ ನೀರು ಹಿಗ್ಗಿರುತ್ತದೆ, ಕುದಿಯುವ ಒಂದು ಲೀಟರ್ ನೀರು ತೂಗುವುದು ಸುಮಾರು 960 ಗ್ರಾಂ ಮಾತ್ರ, ಅದೇ 30 ಡಿಗ್ರಿಯಲ್ಲಿ 996. ಅದೇ ನೀರು ಬಿಸಿ ಇರಲಿ, ತಣ್ಣಗಿರಲಿ, ತೂಕ ಬದಲಾಗುವುದಿಲ್ಲ. ಹಾಗಾಗಿ ನೀರಿಗೆ 1 ಗ್ರಾಂ ಅಂದರೆ 1 ಮಿಲಿ ಅಂತಲೇ ಹಿಡಿಯಿರಿ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 10 ಕೆಜಿಯದ್ದು ತಗೊಳ್ಳಿ, 5 ಕೆಜಿಯದ್ದಾದರೆ ಗಾಜಿನ ಜಾರ್ ಭಾರವೂ ಸೇರಿ ಮಿತಿ ದಾಟಿಬಿಡುತ್ತದೆ. ತೂಗುವಾಗ ಫ್ಯಾನ್ ಆರಿಸಿ. ಸೆಕೆ ಆದರೂ ಸರಿ, ಗಾಳಿಗೆ ಅಂಕಿ ನಿಲ್ಲುವುದೇ ಇಲ್ಲ. ಖಾಲಿ ಜಾರ್ ಒಮ್ಮೆ ತೂಗಿ, ಆ ತೂಕವನ್ನು ಮಾರ್ಕರಿನಿಂದ ಜಾರಿನ ಮೇಲೇ ಬರೆದಿಡಿ. ಆಮೇಲೆ ಜಾರ್ ತುಂಬಿರುವಾಗಲೂ ಒಳಗೆ ಎಷ್ಟಿದೆ ಅಂತ ಕಳೆದು ನೋಡಬಹುದು.

ಈಗ 4 ಲೀಟರ್ ನೀರಿನ ಲೆಕ್ಕ. ಒಂದು ಲೀಟರಿನಷ್ಟು ನೀರು ಕುದಿಸಿ, ಚಹಾಪುಡಿ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಸಕ್ಕರೆ ಈಗಲೇ ಹಾಕಬೇಡಿ. ಒದ್ದೆ ಚಹಾಪುಡಿ ನೀರು ಹೀರಿಕೊಂಡಿರುತ್ತದೆ, ಅದರ ಜೊತೆ ಸಕ್ಕರೆಯೂ ಹೋಗುತ್ತದೆ. ಇನ್ನೊಂದು ಸ್ಟೀಲ್ ಪಾತ್ರೆ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅದಕ್ಕೆ ಸೋಸಿ, 280 ಗ್ರಾಂ ಸಕ್ಕರೆ ಹಾಕಿ ಕರಗಿಸಿ. ಕೆಳಗೆ ಒಂದು ಮರದ ಮಣೆ ಇಟ್ಟು ಅದನ್ನೂ ಸೇರಿಸಿಯೇ ಸೊನ್ನೆ ಮಾಡಿದರೆ ಬಿಸಿ ತಕ್ಕಡಿಗೆ ತಾಗುವುದಿಲ್ಲ. ಕೊನೆಗೆ ಒಟ್ಟು 4280 ಗ್ರಾಂ ಬರುವವರೆಗೆ ತಣ್ಣೀರು ಸುರಿಯಿರಿ. ಆವಿಯಾಗಿ ಹೋದದ್ದು, ಪುಡಿ ಕುಡಿದದ್ದು ಎಲ್ಲಾ ತಾನಾಗೇ ಸರಿಹೋಗುತ್ತದೆ. ಇದೇ ಇದರ ಸೊಗಸು! ಬೇಸಿಗೆ ಮಧ್ಯಾಹ್ನ ಮಾಳಿಗೆ ಟ್ಯಾಂಕಿನ ನೀರೇ ಸುಡುತ್ತಿರುತ್ತದೆ, ಆದ್ದರಿಂದ ಮಡಕೆ ನೀರು ಬಳಸಿ. ಪೂರ್ತಿ ಆರಿದ ಮೇಲೆ ಗಾಜಿನ ಜಾರಿಗೆ ಸುರಿದು, ಹಳೇ ಕೊಂಬುಚಾ 500 ಗ್ರಾಂ ಮತ್ತು ಅದರ ಮೇಲೆ ಕಟ್ಟುವ ದಪ್ಪ ಕೆನೆ ಹಾಕಿ, ಬಟ್ಟೆ ಕಟ್ಟಿಡಿ.

ಸಕ್ಕರೆ ಬೆರೆತರೆ ಗ್ರಾಂ ಮತ್ತು ಮಿಲಿ ಒಂದೇ ಅಲ್ಲ. ಕರಗಿದ 1 ಗ್ರಾಂ ಸಕ್ಕರೆ ಸುಮಾರು 0.62 ಮಿಲಿ ಜಾಗ ಹಿಡಿಯುತ್ತದೆ. ಮೇಲಿನ 4280 ಗ್ರಾಂ ಸಿಹಿ ಚಹಾ 4.17 ಲೀಟರ್ ಆಗುತ್ತದೆ. ಇಷ್ಟು ತೆಳುವಾದದ್ದಕ್ಕೆ ತಲೆಕೆಡಿಸಿಕೊಳ್ಳಬೇಡಿ, ಹುಳಿ ಬಂದ ಕೊಂಬುಚಾವನ್ನು ಬಾಟಲಿಗೆ ತುಂಬುವಾಗ ಗ್ಯಾಸ್ ಬರಲೆಂದು ಹಾಕುವ ಪಾಕಕ್ಕೆ ಮಾತ್ರ ಲೆಕ್ಕ ಬೇಕು. ಸಮತೂಕ ಸಕ್ಕರೆ, ನೀರು ಸೇರಿಸಿದ ಶುಂಠಿ ಪಾಕ ಬಾಟಲಿಗೆ 10 ಮಿಲಿ ಹಾಕಬೇಕಿದ್ದರೆ 12 ಗ್ರಾಂ ತೂಗಿ. ಚಮಚದಲ್ಲಿ ಅಳೆದರೆ ಅರ್ಧ ಪಾಕ ಚಮಚಕ್ಕೇ ಅಂಟಿರುತ್ತದೆ, ಒಂದು ಬಾಟಲಿ ಸಪ್ಪೆ, ಇನ್ನೊಂದು ಮುಚ್ಚಳ ತೆಗೆದರೆ ಬುಸ್ಸೆಂದು ಉಕ್ಕುತ್ತದೆ.

ತಕ್ಕಡಿ ಮೇಲೆ ಅನುಮಾನ ಬಂದರೆ ಮುದ್ರೆ ಇರುವ ಒಂದು ಕೆಜಿ ಬಟ್ಟನ್ನು ಕಿರಾಣಿ ಅಂಗಡಿಯವರಿಂದ ಕೇಳಿ ತಂದು ಇಟ್ಟು ನೋಡಿ. ಎರಡು ಗ್ರಾಂ ಆಚೀಚೆ ಇದ್ದರೆ ಚಿಂತೆ ಬೇಡ, ಇಪ್ಪತ್ತು ಗ್ರಾಂ ತಪ್ಪಿದರೆ ಮೊದಲು ಸೆಲ್ ಬದಲಿಸಿ.