ಒಂದು ಕಾಮಗಾರಿಯ ಲೆಕ್ಕ ಹಿಡಿಯುವ ಬಗೆ: ಬಜೆಟ್ ಪುಸ್ತಕದಿಂದ ಕಾಂಕ್ರೀಟಿನ ದಪ್ಪದವರೆಗೆ

ಸರ್ಕಾರಿ ಹಣ ಕಳವಾದಲ್ಲೂ ಕಾಗದಪತ್ರ ಬಹುಪಾಲು ಅಚ್ಚುಕಟ್ಟಾಗಿಯೇ ಇರುತ್ತದೆ. ಬಿಲ್ಲಿಗೆ ವೋಚರ್ ಇದೆ, ವೋಚರಿಗೆ ಸಹಿ ಇದೆ, ಸಹಿಯ ಕೆಳಗೆ ಮೊಹರು ಇದೆ. ಒಂದೇ ಕಚೇರಿಯ ಒಂದೇ ಕಡತವನ್ನು ಎಷ್ಟು ಸಲ ತಿರುವಿ ಹಾಕಿದರೂ ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವುದಿಲ್ಲ. ಹಾಗಾಗಿ ಬೇರೆ ಬೇರೆ ಕೈಗಳು ಬೇರೆ ಬೇರೆ ಕಾರಣಕ್ಕೆ ಬರೆದ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಡಬೇಕು, ಆಮೇಲೆ ಎರಡನ್ನೂ ನೆಲದ ಮೇಲಿರುವ ಕೆಲಸಕ್ಕೆ ಹೋಲಿಸಬೇಕು. ಸಾರ್ವಜನಿಕ ಲೆಕ್ಕ ತಪಾಸಣೆಯ ಕಸುಬೆಲ್ಲ ಇಷ್ಟೇ. ಮುಂದಿನದೆಲ್ಲ ಅದರ ವಿವರ.

ಮೊದಲ ಕಾಮಗಾರಿ ಯಾವುದಿರಲಿ

ಇಡೀ ಇಲಾಖೆಯ ಮೇಲೆ ದೂರು ಬರೆಯಬೇಡಿ, ಅದನ್ನು ಸಾಬೀತು ಮಾಡಲು ಯಾರಿಂದಲೂ ಆಗುವುದಿಲ್ಲ. ಒಂದು ರಸ್ತೆ, ಒಂದು ಚರಂಡಿ, ಒಂದು ಶಾಲಾ ಕೊಠಡಿ ಸಾಕು. ಕೆಲಸ ಮುಗಿದಿರಬೇಕು, ಬಿಲ್ ಪೂರ್ತಿ ಪಾವತಿಯಾಗಿರಬೇಕು, ಮತ್ತು ಸಾಧ್ಯವಾದರೆ ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಕೊಡಬೇಕಾದ ಅವಧಿ ಇನ್ನೂ ಮುಗಿದಿರಬಾರದು. ಆ ಅವಧಿಯಲ್ಲಿ ಅವನ ಭದ್ರತಾ ಠೇವಣಿ ಕಚೇರಿಯಲ್ಲೇ ಇರುತ್ತದೆ, ತಪ್ಪು ಸಿಕ್ಕರೆ ಹಿಡಿಯಲು ಏನಾದರೂ ಇರುತ್ತದೆ. ಇನ್ನೂ ನಡೆಯುತ್ತಿರುವ ಕೆಲಸದಲ್ಲಿ ಏನೇ ತೋರಿಸಿದರೂ "ಬಾಕಿ ಕೆಲಸ ಮುಂದೆ ಮಾಡುತ್ತೇವೆ" ಎಂಬ ಒಂದೇ ಉತ್ತರ.

ಹೂಳೆತ್ತುವುದು, ಗಿಡ ನೆಡುವುದು, ತರಬೇತಿ ಶಿಬಿರ, ಜಾಗೃತಿ ಕಾರ್ಯಕ್ರಮ ಇವುಗಳಲ್ಲಿ ಮೋಸಕ್ಕೆ ಜಾಗ ಹೆಚ್ಚು, ಸಾಕ್ಷ್ಯ ಕಡಿಮೆ. ಒಂದು ಮಳೆಗಾಲ ಕಳೆದ ಮೇಲೆ ಎಷ್ಟು ಹೂಳು ತೆಗೆದರು ಎಂದು ಅಳೆಯುವುದು ಹೇಗೆ? ಕೈ ಪಳಗಿದ ಮೇಲೆ ಅಂಥವಕ್ಕೆ ಹೋಗಿ.

ಬಜೆಟ್ ಪುಸ್ತಕದಲ್ಲಿ ನೋಡಬೇಕಾದ್ದು

ಬಜೆಟ್ ಭಾಷಣ ಓದಿ ಸಮಯ ಕಳೆಯಬೇಡಿ, ನೇರವಾಗಿ ಪಟ್ಟಿಗೆ ಹೋಗಿ. ಪ್ರತಿ ಲೆಕ್ಕ ಶೀರ್ಷಿಕೆಯ (ವೆಚ್ಚದ ಬಾಬತ್ತಿನ ಹೆಸರು) ಎದುರು ಸಾಮಾನ್ಯವಾಗಿ ಮೂರು ಬಗೆಯ ಅಂಕಿ ಇರುತ್ತವೆ: ಮುಂದಿನ ವರ್ಷದ ಅಂದಾಜು, ಈ ವರ್ಷದ ಪರಿಷ್ಕೃತ ಅಂದಾಜು, ಹಿಂದಿನ ವರ್ಷದ ನಿಜ ವೆಚ್ಚ. ಸುದ್ದಿಯಾಗುವುದು ಮೊದಲನೆಯದು, ನಿಮಗೆ ಬೇಕಾದದ್ದು ಮೂರನೆಯದು. ಆ ವರ್ಷದ ಹಳೆಯ ಬಜೆಟ್ ಪುಸ್ತಕ ಹುಡುಕಿ, ಅಂದು ಮಾಡಿದ ಅಂದಾಜನ್ನು ಈ ನಿಜ ವೆಚ್ಚದ ಪಕ್ಕ ಬರೆದುಕೊಳ್ಳಿ. ಬಿಹಾರದ ಮೇವು ಹಗರಣ 1996ರಲ್ಲಿ ಬಯಲಾಯಿತು. ಪಶುಸಂಗೋಪನಾ ಇಲಾಖೆಗೆ ಸದನ ಒಪ್ಪಿದ್ದಕ್ಕಿಂತ ಹೆಚ್ಚು ಹಣ ಅದಕ್ಕೂ ಹಿಂದಿನ ವರ್ಷಗಳಿಂದಲೇ ಖಜಾನೆಯಿಂದ ಹೋಗುತ್ತಿತ್ತು. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಅದು ಕಾಣುವಂತಿತ್ತು.

ಗುರುತು ಹಾಕಿಕೊಳ್ಳಬೇಕಾದವು ಇನ್ನೂ ಇವೆ. "ಇತರೆ ವೆಚ್ಚ", "ಒಟ್ಟುಗೂಡಿಸಿದ ಮೊತ್ತ" ಎಂಬ ಸಾಲುಗಳು ಅಕ್ಕಪಕ್ಕದ ಸಾಲುಗಳಿಗಿಂತ ದೊಡ್ಡದಾಗಿದ್ದರೆ ಅದರ ಒಳವಿವರ ಕೇಳಿ. ಆರ್ಥಿಕ ವರ್ಷದ ಕೊನೆಯ ತಿಂಗಳಲ್ಲಿ ವೆಚ್ಚ ಒಮ್ಮೆಲೇ ಏರಿದ್ದರೆ, ಮುಗಿಯದ ಕೆಲಸಕ್ಕೆ ಮುಗಿದಂತೆ ಬಿಲ್ ಬರೆದಿರುವ ಸಾಧ್ಯತೆ ಇದೆ. ನಿಗಮ ಮಂಡಳಿಗಳಿಗೆ ವರ್ಗಾಯಿಸಿದ ಹಣವಂತೂ ಇನ್ನೊಂದು ತೊಡಕು. ಲೆಕ್ಕ ಪುಸ್ತಕದಲ್ಲಿ ಅದು ಹೊರಟ ದಿನವೇ "ವೆಚ್ಚ", ಆದರೆ ಹಣ ನಿಗಮದ ಬ್ಯಾಂಕ್ ಖಾತೆಯಲ್ಲಿ ತಣ್ಣಗೆ ಕೂತಿರಬಹುದು. ಹಣ ಬಿಡುಗಡೆಯಾಯಿತು, ಬಳಕೆ ಪ್ರಮಾಣಪತ್ರ ಬಂತು, ಕೆಲಸ ಆಯಿತು, ಇವು ಮೂರೂ ಒಂದೇ ಅಲ್ಲ.

ಯಾವ ದಾಖಲೆಗಳು ಪ್ರಕಟವಾಗಬೇಕು ಎಂಬುದಕ್ಕೆ ಇಂಟರ್‌ನ್ಯಾಷನಲ್ ಬಜೆಟ್ ಪಾರ್ಟ್‌ನರ್‌ಶಿಪ್ ಸಂಸ್ಥೆ ತನ್ನ ಸಮೀಕ್ಷೆಯಲ್ಲಿ ಬಳಸುವ ಎಂಟರ ಪಟ್ಟಿ ಒಳ್ಳೆಯ ಅಳತೆಗೋಲು: ಬಜೆಟ್ ಪೂರ್ವ ಹೇಳಿಕೆ, ಸರ್ಕಾರ ಮಂಡಿಸುವ ಬಜೆಟ್, ಸದನ ಒಪ್ಪಿದ ಬಜೆಟ್, ಜನರಿಗಾಗಿ ಸರಳಗೊಳಿಸಿದ ಬಜೆಟ್, ವರ್ಷದ ನಡುವಿನ ವೆಚ್ಚ ವರದಿಗಳು, ಅರ್ಧವಾರ್ಷಿಕ ಪರಿಶೀಲನೆ, ವರ್ಷಾಂತ್ಯದ ವರದಿ, ಲೆಕ್ಕ ಪರಿಶೋಧನಾ ವರದಿ. ಕೊನೆಯ ನಾಲ್ಕರಲ್ಲಿ ಯಾವುದು ಸಿಗುತ್ತಿಲ್ಲ ಎಂದು ನೋಡಿ. ಮುಂದೆ ಮಾಡುವುದನ್ನು ಹೇಳಲು ಎಲ್ಲರೂ ಮುಂದು, ಮಾಡಿದ್ದನ್ನು ಹೇಳುವಾಗ ದಾಖಲೆ ತಡವಾಗುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೊಟ್ಟರೆ ಒಪ್ಪಬೇಡಿ, ಎಕ್ಸೆಲ್ ಕಡತವನ್ನೇ ಕೇಳಿ. ಕೂಡಿಸಲು ಬಾರದ ಅಂಕಿಯನ್ನು ಪ್ರಕಟಿಸಿಯೂ ಮುಚ್ಚಿಟ್ಟಂತೆಯೇ.

ದಾಖಲೆಗಳನ್ನು ಹೆಸರು ಹಿಡಿದು ಕೇಳಿ

ಮಾಹಿತಿ ಹಕ್ಕಿನ ಅರ್ಜಿಗಳು ಸೋಲುವುದು ಬಹುಪಾಲು ಕೇಳಿದ ರೀತಿಯಿಂದ. "ಈ ರಸ್ತೆ ಯಾಕೆ ಕಳಪೆ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಅದು ಯಾವ ಕಾಗದದಲ್ಲೂ ಇಲ್ಲ. ಇರುವ ಕಾಗದವನ್ನು ಕೇಳಬೇಕು: ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿಯೊಂದಿಗೆ ಎಸ್ಟಿಮೇಟ್, ಟೆಂಡರ್ ಪ್ರಕಟಣೆ, ಬಂದ ಎಲ್ಲ ದರಗಳ ತುಲನಾ ಪಟ್ಟಿ, ಒಪ್ಪಂದ, ಕಾರ್ಯಾದೇಶ, ಕಚೇರಿಯಲ್ಲಿ ಎಂ.ಬಿ. ಎನ್ನುವ ಅಳತೆ ಪುಸ್ತಕದ ಪುಟಗಳು, ಬಿಲ್ ಮತ್ತು ವೋಚರ್, ಕೂಲಿ ಹಾಜರಿ ಪಟ್ಟಿ, ಗುಣಮಟ್ಟ ಪರೀಕ್ಷೆಯ ವರದಿ, ಪೂರ್ಣಗೊಂಡ ಪ್ರಮಾಣಪತ್ರ. ಜೊತೆಗೆ ಕಡತದ ಟಿಪ್ಪಣಿ ಹಾಳೆಗಳು. ಯಾರು ಬೇಡ ಎಂದರು, ಯಾರು ಆಮೇಲೆ ಒಪ್ಪಿದರು ಎಂಬುದು ಗೊತ್ತಾಗುವುದು ಅಲ್ಲೇ.

ಭಾರತದ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಉತ್ತರಕ್ಕೆ 30 ದಿನದ ಗಡುವಿದೆ. ಹೆಚ್ಚಿನವರು ಬಳಸದ ಇನ್ನೊಂದು ಅಸ್ತ್ರವೂ ಅದರಲ್ಲಿದೆ: ಸೆಕ್ಷನ್ 2(ಜೆ) ಪ್ರಕಾರ ಕಾಮಗಾರಿಯನ್ನು ಪರಿಶೀಲಿಸುವುದೂ ಬಳಸಿದ ವಸ್ತುವಿನ ಪ್ರಮಾಣೀಕೃತ ಮಾದರಿ ಪಡೆಯುವುದೂ ಹಕ್ಕು. ಇಂಥ ಕಾನೂನು ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿದೆ, ಗಡುವು ಮಾತ್ರ ಬೇರೆ ಬೇರೆ. ಮೊದಲು ಕಡತ ಪರಿಶೀಲನೆಗೆ ಅರ್ಜಿ ಹಾಕಿ, ಕಚೇರಿಯಲ್ಲಿ ಕೂತು ಬೇಕಾದ ಪುಟಗಳ ಸಂಖ್ಯೆ ಗುರುತಿಸಿಕೊಂಡು, ಆಮೇಲೆ ಅಷ್ಟಕ್ಕೇ ಪ್ರತಿ ಕೇಳಿ. "ಎಲ್ಲ ದಾಖಲೆ ಕೊಡಿ" ಎಂದರೆ ವಿಪರೀತ ಪುಟಗಳೆಂಬ ನೆಪ ಸಿಗುತ್ತದೆ. ಅದೇ ವಾರ ಪಾವತಿಯ ವಿವರಕ್ಕೆ ಖಜಾನೆಗೆ ಬೇರೆ ಅರ್ಜಿ ಹಾಕಿ. ಕಾಮಗಾರಿ ಕಚೇರಿ ತನ್ನ ಪ್ರತಿ ತಿದ್ದಿದರೂ ಖಜಾನೆಯ ಪ್ರತಿ ಅದರ ಕೈಯಲ್ಲಿಲ್ಲ.

ಕಾಗದಕ್ಕೆ ಕಾಗದ

ಮೊದಲು ಒಂದು ಹಾಳೆಯಲ್ಲಿ ದಿನಾಂಕಗಳನ್ನಷ್ಟೇ ಸಾಲಾಗಿ ಬರೆಯಿರಿ. ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಅಳತೆ, ಬಿಲ್, ಪಾವತಿ. ಕಾರ್ಯಾದೇಶಕ್ಕಿಂತ ಮುಂಚೆ ಅಳತೆ ಬರೆದದ್ದು, ಅಳತೆ, ಬಿಲ್, ಪಾವತಿ ಮೂರೂ ಒಂದೇ ದಿನ ಆದದ್ದು ಕಣ್ಣಿಗೆ ರಾಚುತ್ತದೆ.

ಟೆಂಡರಿನಲ್ಲಿ ಸೋತವರನ್ನು ಗಮನಿಸಿ, ಗೆದ್ದವನನ್ನಲ್ಲ. ಸೋತವರ ದರಗಳು ಗೆದ್ದ ದರಕ್ಕಿಂತ ಎಲ್ಲ ಬಾಬತ್ತಿನಲ್ಲೂ ಒಂದೇ ಶೇಕಡಾವಾರು ಹೆಚ್ಚಿವೆಯೇ? ಬೇರೆ ಬೇರೆ ಬಿಡ್‌ಗಳಲ್ಲಿ ಒಂದೇ ಅಕ್ಷರದೋಷ ಇದೆಯೇ? ಠೇವಣಿಯ ಡಿ.ಡಿ.ಗಳು ಒಂದೇ ಶಾಖೆಯಿಂದ ಅನುಕ್ರಮ ಸಂಖ್ಯೆಯಲ್ಲಿ ಬಂದಿವೆಯೇ? ಸೋತವನೇ ಉಪಗುತ್ತಿಗೆ ಪಡೆದನೇ? ಒಂದು ರಸ್ತೆಯನ್ನು ಮೂರು ತುಂಡು ಮಾಡಿ, ಪ್ರತಿ ತುಂಡಿನ ಮೊತ್ತವೂ ಟೆಂಡರ್ ಕಡ್ಡಾಯವಾಗುವ ಮಿತಿಗಿಂತ ಸ್ವಲ್ಪವೇ ಕೆಳಗಿದ್ದರೆ ಅದು ಕಾಕತಾಳೀಯವಲ್ಲ. ಕಡಿಮೆ ದರಕ್ಕೆ ಕೆಲಸ ಹಿಡಿದು, ಆಮೇಲೆ "ಹೆಚ್ಚುವರಿ ಬಾಬತ್ತು" ಸೇರಿಸಿ ಮೊತ್ತ ಏರಿಸುವುದೂ ಹಳೆಯ ಉಪಾಯ. ಹಾಗಾಗಿ ಕೊನೆಯ ಬಿಲ್ಲನ್ನು ಒಪ್ಪಂದದ ಮೊತ್ತಕ್ಕೆ ಹೋಲಿಸದೆ ಬಿಡಬೇಡಿ.

ಹಾಜರಿ ಪಟ್ಟಿಯನ್ನು ಮರಣ ನೋಂದಣಿಗೆ, ಬೇರೆ ಕಾಮಗಾರಿಯ ಅದೇ ದಿನದ ಹಾಜರಿಗೆ, ಶಾಲಾ ಹಾಜರಿಗೆ ಹೋಲಿಸಿ. ಸಾಗಣೆ ಬಿಲ್ಲಿನಲ್ಲಿರುವ ವಾಹನ ಸಂಖ್ಯೆಯನ್ನು ಸಾರಿಗೆ ಇಲಾಖೆಯ ದಾಖಲೆಗೆ ಹೋಲಿಸಿ. ಮೇವು ಹಗರಣದಲ್ಲಿ ದನ, ಮೇವು ಸಾಗಿಸಿದವೆಂದು ಬರೆದ "ಟ್ರಕ್ಕು"ಗಳಲ್ಲಿ ಕೆಲವು ಸ್ಕೂಟರ್ ಎಂದು ತಿಳಿದದ್ದು ಹೀಗೆ.

ಕಾಗದಕ್ಕೆ ನೆಲ

ಬೇಕಾದವು: 30 ಮೀಟರ್ ಟೇಪು, ಉಕ್ಕಿನ ಸ್ಕೇಲು, ಸುಣ್ಣದ ಪುಡಿ, ಮೊಬೈಲ್, ಎಂ.ಬಿ. ಪುಟಗಳ ಪ್ರತಿ. ಕನಿಷ್ಠ ಮೂವರು ಇರಲಿ: ಒಬ್ಬರು ಅಳೆಯಲು, ಒಬ್ಬರು ಓದಿ ಹೇಳಲು, ಒಬ್ಬರು ಬರೆಯಲು. ಉದ್ದ ಪೂರ್ತಿ ಅಳೆಯಿರಿ. ಅಗಲವನ್ನು 20 ಮೀಟರಿಗೊಮ್ಮೆ ಅಳೆದು ಸರಾಸರಿ ತೆಗೆಯಿರಿ. ಎಲ್ಲಿ ಸರಿಯಿದೆ ಎಂಬುದನ್ನೂ ಬರೆಯಿರಿ, ಕೆಟ್ಟ ಜಾಗ ಮಾತ್ರ ಅಳೆದ ವರದಿ ಒಂದೇ ಪ್ರಶ್ನೆಗೆ ಬೀಳುತ್ತದೆ.

ಕಷ್ಟ ಇರುವುದು ದಪ್ಪದಲ್ಲಿ. ಅಂಚಿನಲ್ಲಿ ಸ್ಕೇಲ್ ಇಟ್ಟು ನಂಬಬೇಡಿ. ಸೆಂಟ್ರಿಂಗ್ ಹಲಗೆ ಇಟ್ಟ ಅಂಚಿನಲ್ಲಿ ದಪ್ಪ ಸರಿಯಿದ್ದು, ನಡುವೆ ನೆಲ ಉಬ್ಬಿರುವಂತೆಯೇ ಬಿಟ್ಟು ಕಾಂಕ್ರೀಟ್ ತೆಳುವಾಗಿ ಹಾಕಿರಬಹುದು. ನಡುವಿನ ದಪ್ಪ ತಿಳಿಯಲು ಕೋರ್, ಅಂದರೆ ಯಂತ್ರದಿಂದ ಕೊರೆದ ದುಂಡನೆಯ ಕಾಂಕ್ರೀಟ್ ತುಂಡು, ತೆಗೆಯಬೇಕು, ಅದನ್ನು ನೀವೇ ಕೊರೆಯಬೇಡಿ, ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ ಕೇಸು ನಿಮ್ಮ ಮೇಲೇ ಬೀಳುತ್ತದೆ. ಜಂಟಿ ಪರಿಶೀಲನೆಗೆ ಲಿಖಿತವಾಗಿ ಕೇಳಿ. ಕೋರ್ ತೆಗೆಯುವ ಜಾಗವನ್ನು ಅಧಿಕಾರಿ ಆರಿಸದೆ ಚೀಟಿ ಎತ್ತಿ ನಿರ್ಧರಿಸಲಿ. ಮಾದರಿಯನ್ನು ಎಲ್ಲರೆದುರು ಸೀಲ್ ಮಾಡಿ ಎರಡೂ ಕಡೆಯವರ ಸಹಿ ಹಾಕಿಸಿ.

ಲೆಕ್ಕ ಸರಳ. ಎಂ.ಬಿ.ಯಲ್ಲಿ 200 ಮೀ. ಉದ್ದ, 3.5 ಮೀ. ಅಗಲ, 0.15 ಮೀ. ದಪ್ಪ ಎಂದಿದ್ದರೆ 105 ಘನ ಮೀಟರ್. ಕೋರ್‌ಗಳ ಸರಾಸರಿ ದಪ್ಪ 0.12 ಮೀ. ಬಂದರೆ ಇರುವುದು 84 ಘನ ಮೀಟರ್. 21 ಘನ ಮೀಟರಿನ, ಅಂದರೆ ಶೇ 20ರಷ್ಟು ಕಾಂಕ್ರೀಟಿನ ಹಣ ಸುಮ್ಮನೆ ಹೋಗಿದೆ. ಇದನ್ನು ಸಿಮೆಂಟ್ ಬಿಲ್ಲಿಗೂ ತಾಳೆ ಹಾಕಿ: 1:1.5:3 (ಸಿಮೆಂಟ್, ಮರಳು, ಜಲ್ಲಿ) ಮಿಶ್ರಣಕ್ಕೆ ಘನ ಮೀಟರಿಗೆ 50 ಕೆ.ಜಿ.ಯ ಸುಮಾರು 8 ಚೀಲ, 1:2:4ಕ್ಕೆ ಆರೂ ಕಾಲರಷ್ಟು. ಕಬ್ಬಿಣದ ಸರಳಿಗೆ ಇನ್ನೂ ಸುಲಭದ ಸೂತ್ರ ಇದೆ. ವ್ಯಾಸವನ್ನು ಮಿ.ಮೀ.ಯಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಬರುತ್ತದೆ. 12 ಮಿ.ಮೀ. ಸರಳು ಮೀಟರಿಗೆ 0.89 ಕೆ.ಜಿ., 10 ಮಿ.ಮೀ. ಸರಳು 0.62 ಕೆ.ಜಿ. ಹನ್ನೆರಡರ ಬಿಲ್ ಹಾಕಿ ಹತ್ತನ್ನು ಕಟ್ಟಿದರೆ ಸುಮಾರು ಶೇ 30ರಷ್ಟು ಉಕ್ಕು ಕಾಗದದಲ್ಲಷ್ಟೇ ಇರುತ್ತದೆ. ಮೂರು ನಾಲ್ಕು ಮಿಲಿಮೀಟರ್ ದಪ್ಪದ ವ್ಯತ್ಯಾಸಕ್ಕೆ ಗದ್ದಲ ಎಬ್ಬಿಸಬೇಡಿ, ನಿಮ್ಮ ದೊಡ್ಡ ಅಂಶವೂ ಅದರ ಜೊತೆ ಹಗುರಾಗುತ್ತದೆ.

ಇಂಡೊನೇಷ್ಯಾದ 600ಕ್ಕೂ ಹೆಚ್ಚು ಹಳ್ಳಿಗಳ ರಸ್ತೆಗಳನ್ನು ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕೆನ್ ಹೀಗೆಯೇ ಅಗೆಸಿ ಅಳೆಸಿದರು. ಸರ್ಕಾರಿ ತಪಾಸಣೆಯ ಸಾಧ್ಯತೆ ಶೇ 4ರಿಂದ ಶೇ 100ಕ್ಕೆ ಏರಿದ ಹಳ್ಳಿಗಳಲ್ಲಿ ಲೆಕ್ಕಕ್ಕೆ ಸಿಗದ ವೆಚ್ಚ ಸುಮಾರು 8 ಶೇಕಡಾ ಅಂಶ ಇಳಿಯಿತು. ಆದರೆ ಅದೇ ಹಳ್ಳಿಗಳಲ್ಲಿ ಯೋಜನೆ ನಡೆಸುವವರ ನೆಂಟರಿಗೆ ಕೆಲಸ ಸಿಗುವುದು ಹೆಚ್ಚಾಯಿತು. ಒಂದು ಕಿಂಡಿ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ, ಆದ್ದರಿಂದ ವಸ್ತು ಅಳೆದ ಮೇಲೆ ಹಾಜರಿ ಪಟ್ಟಿಗೆ ಮರಳಿ ಹೋಗಿ.

ಜನರೆದುರು ಓದುವುದು

1994ರ ಕೊನೆಯಲ್ಲಿ ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಶುರುಮಾಡಿದ ಜನ ಸುನವಾಯಿಗಳ, ಅಂದರೆ ಬಹಿರಂಗ ವಿಚಾರಣಾ ಸಭೆಗಳ, ರೀತಿ ಇಂದಿಗೂ ಬಳಕೆಗೆ ಬರುವಂಥದ್ದು: ಹಾಜರಿ ಪಟ್ಟಿ, ಬಿಲ್ಲುಗಳನ್ನು ಸಭೆಯಲ್ಲಿ ಹೆಸರು, ಮೊತ್ತ ಸಹಿತ ಗಟ್ಟಿಯಾಗಿ ಓದುವುದು, ಹೆಸರಿದ್ದವರು ಎದ್ದು ಹೌದು ಅಥವಾ ಅಲ್ಲ ಎನ್ನುವುದು. ಸಭೆ ಸಂಬಂಧಪಟ್ಟ ಕಚೇರಿಯ ಆವರಣದಲ್ಲಿ ಬೇಡ. ಅಧಿಕಾರಿಗೂ ಗುತ್ತಿಗೆದಾರನಿಗೂ ಮುಂಚೆಯೇ ಲಿಖಿತ ಆಹ್ವಾನ ಕೊಡಿ, ಉತ್ತರಿಸಲು ಸಮಯ ಕೊಡಿ. ಹೇಳಿಕೆಗಳನ್ನು ಸಭೆಯ ಹಿಂದಿನ ದಿನಗಳಲ್ಲೇ ಮನೆಮನೆಗೆ ಹೋಗಿ ಬರೆಸಿಕೊಳ್ಳಿ. ಕೂಲಿಗೆ ಗುತ್ತಿಗೆದಾರನನ್ನೇ ನಂಬಿದವರು ಅವನೆದುರು ಒಂಟಿಯಾಗಿ ಮಾತಾಡುವುದಿಲ್ಲ, ಹತ್ತು ಜನರ ಹೇಳಿಕೆ ಒಟ್ಟಿಗೆ ಇದ್ದರೆ ಮಾತಾಡುತ್ತಾರೆ. ಯಾರನ್ನೂ ಕಳ್ಳ ಎನ್ನಬೇಡಿ. "ಪುಸ್ತಕದಲ್ಲಿ ಹೀಗಿದೆ, ಅಳತೆಯಲ್ಲಿ ಹೀಗಿದೆ" ಎಂದು ನಿಲ್ಲಿಸಿ. ಮಾನನಷ್ಟದ ನೋಟಿಸಿನಿಂದ ಪಾರಾಗಲು ಅದೇ ದಾರಿ, ಹೇಳಿದ ಮಾತೂ ಹೆಚ್ಚು ನಾಟುತ್ತದೆ.

ಸಭೆ ಮುಗಿದ ಮೇಲೂ ಅಂಕಿಗಳು ಗೋಡೆಯ ಮೇಲೆ ಉಳಿಯಲಿ. ಉಗಾಂಡಾದಲ್ಲಿ 1991ರಿಂದ 1995ರವರೆಗೆ ಪ್ರಾಥಮಿಕ ಶಾಲೆಗಳಿಗೆಂದು ಬಿಡುಗಡೆಯಾದ ಅನುದಾನದಲ್ಲಿ ಶಾಲೆಗಳನ್ನು ಮುಟ್ಟಿದ್ದು ಸರಾಸರಿ ಶೇ 13 ಮಾತ್ರ. ಅನುದಾನದ ಮೊತ್ತವನ್ನು ಪತ್ರಿಕೆಗಳಲ್ಲಿ, ಶಾಲೆಯ ಗೋಡೆಗಳ ಮೇಲೆ ಪ್ರಕಟಿಸತೊಡಗಿದ ಮೇಲೆ, 2001ರ ಹೊತ್ತಿಗೆ ಅದು ಶೇ 80 ದಾಟಿತು. ಅದಕ್ಕೆ ಬೇರೆ ಸುಧಾರಣೆಗಳ ಪಾಲೂ ಇದ್ದೀತು, ಆದರೂ ತನಗೆ ಬರಬೇಕಾದದ್ದು ಎಷ್ಟೆಂದು ಗೊತ್ತಿರುವ ಮುಖ್ಯೋಪಾಧ್ಯಾಯನೇ ಅತ್ಯಂತ ಅಗ್ಗದ ಲೆಕ್ಕ ಪರಿಶೋಧಕ.

ವರದಿ ಕೊಟ್ಟ ಮೇಲೆ

ವರದಿ ಎರಡು ಪುಟ ಮೀರದಿರಲಿ: ಒಂದು ಕೋಷ್ಟಕ, ಪ್ರತಿ ಸಾಲಿಗೆ ದಾಖಲೆಯ ಪುಟ ಸಂಖ್ಯೆ, ಫೋಟೊ, ನಷ್ಟದ ಮೊತ್ತ. ಇಲಾಖೆಯ ಮುಖ್ಯಸ್ಥರಿಗೆ, ಸರ್ಕಾರಿ ಲೆಕ್ಕ ಪರಿಶೋಧಕರಿಗೆ, ಭ್ರಷ್ಟಾಚಾರ ತನಿಖಾ ಸಂಸ್ಥೆಗೆ ಒಂದೇ ದಿನ ಕಳಿಸಿ ಸ್ವೀಕೃತಿ ಪಡೆಯಿರಿ. ಲೆಕ್ಕ ಪರಿಶೋಧಕರಿಗೆ ಶಿಕ್ಷೆ ಕೊಡುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಅವರು ಆಕ್ಷೇಪಣೆ ಬರೆಯುತ್ತಾರೆ, ಅದಕ್ಕೆ ಏನು ಕ್ರಮ ಕೈಗೊಂಡಿತೆಂದು ಇಲಾಖೆ ಅನುಪಾಲನಾ ವರದಿ ಕೊಡಬೇಕು. ಆ ಆಕ್ಷೇಪಣೆಯ ಕಂಡಿಕೆ ಸಂಖ್ಯೆ ಪಡೆದು ಮೂರು ತಿಂಗಳಿಗೊಮ್ಮೆ ಅದರ ಸ್ಥಿತಿ ಕೇಳಿ. ಬ್ರೆಜಿಲ್‌ನಲ್ಲಿ 2003ರಿಂದ ತಪಾಸಣೆಗೆ ಪುರಸಭೆಗಳನ್ನು ಲಾಟರಿ ಎತ್ತಿ ಆರಿಸಲಾಯಿತು. ಮುಂದಿನ ಚುನಾವಣೆಯಲ್ಲಿ ಭ್ರಷ್ಟ ಮೇಯರ್‌ಗಳಿಗೆ ಹೆಚ್ಚು ಪೆಟ್ಟು ಬಿದ್ದದ್ದು ಸ್ಥಳೀಯ ರೇಡಿಯೊ ಇದ್ದ ಕಡೆ. ವರದಿ ಕಪಾಟಿನಲ್ಲಿ ಉಳಿಯದಂತೆ ಸ್ಥಳೀಯ ಸುದ್ದಿಗಾರರಿಗೂ ಒಂದು ಪ್ರತಿ ತಲುಪಿಸಿ.

"ಹಣ ವಸೂಲಿಯಾಗಿದೆ" ಎಂಬ ಉತ್ತರ ಬಂದರೆ ಚಲನ್ ಸಂಖ್ಯೆ ಮತ್ತು ದಿನಾಂಕ ಕೇಳಿ, ಖಜಾನೆಯ ಜಮಾ ಪಟ್ಟಿಯಲ್ಲಿ ಹುಡುಕಿ. "ಮುಂದಿನ ಬಿಲ್ಲಿನಲ್ಲಿ ಕಡಿತ ಮಾಡಿದ್ದೇವೆ" ಎಂದರೆ ಆ ಮುಂದಿನ ಕಾಮಗಾರಿಯ ಎಂ.ಬಿ.ಯನ್ನೂ ತರಿಸಿಕೊಳ್ಳಿ, ಅದರಲ್ಲಿ ಅಳತೆಯನ್ನು ಅಷ್ಟೇ ಉಬ್ಬಿಸಿ ಕಡಿತ ಸರಿದೂಗಿಸಿರಬಹುದು. ಆಗ ಟೇಪು ಹಿಡಿದು ಆ ರಸ್ತೆಗೂ ಹೋಗಬೇಕಾಗುತ್ತದೆ.