ರುಬೆಲ್ಲಾಗೆ ಬಿ06.9 ಕೋಡ್ ಹಾಕುವ ಮೊದಲು ನೋಡಬೇಕಾದ್ದು

ಅಮೆರಿಕದಲ್ಲಿ ರುಬೆಲ್ಲಾ (ಜರ್ಮನ್ ದಡಾರ) ನಿರ್ಮೂಲನೆಯಾಗಿದೆ ಎಂದು 2004ರಲ್ಲೇ ಘೋಷಿಸಲಾಯಿತು. ಹಾಗಾಗಿ ಬೆಂಗಳೂರಿನಲ್ಲಿ ಕೂತು ಅಲ್ಲಿನ ಚಾರ್ಟ್ (ರೋಗಿಯ ದಾಖಲೆ) ನೋಡಿ ರೋಗಗಳಿಗೆ ಕೋಡ್ ಹಾಕುವ ಕೋಡರ್‌ಗೆ ನಿಜವಾದ ರುಬೆಲ್ಲಾ ರೋಗಿ ಸಿಗುವುದು ಬಲು ಅಪರೂಪ. ಆ ಹೆಸರು ಕಣ್ಣಿಗೆ ಬೀಳುವುದು ಹೆಚ್ಚಾಗಿ ರಕ್ತಪರೀಕ್ಷೆ ಅಥವಾ ಲಸಿಕೆಯ ದಾಖಲೆಯಲ್ಲಿ. ತಪ್ಪಾಗುವುದೂ ಅಲ್ಲೇ.

ಅಮೆರಿಕದಲ್ಲಿ ಬಳಸುವ ರೋಗಗಳ ಕೋಡ್ ಪಟ್ಟಿ ಐಸಿಡಿ-10-ಸಿಎಂನ ಅಕಾರಾದಿ ಇಂಡೆಕ್ಸ್‌ನಲ್ಲಿ ರುಬೆಲ್ಲಾ ಹುಡುಕಿದರೆ ಬಿ06.9, ಅಂದರೆ ತೊಡಕಿಲ್ಲದ ರುಬೆಲ್ಲಾ, ಸಿಗುತ್ತದೆ. ಅಲ್ಲಿಗೇ ನಿಲ್ಲಬೇಡಿ, ಕೋಡ್ ಕ್ರಮದಲ್ಲಿ ಜೋಡಿಸಿದ ಟ್ಯಾಬ್ಯುಲರ್ ಲಿಸ್ಟ್‌ಗೆ ಹೋಗಿ ಬಿ06ರ ಕೆಳಗಿನ ಸೂಚನೆ ಓದಿ. ಬಿ06 ಅಷ್ಟೇ ಬರೆದರೆ ವಿಮಾ ಕಂಪನಿಗೆ ಕಳಿಸಿದ ಕ್ಲೇಮ್ ವಾಪಸ್ ಬರುತ್ತದೆ. ಕೊನೆಗೆ ಸೊನ್ನೆ ಸೇರಿಸಿ ಬಿ06.90 ಎಂದರೂ ಅಷ್ಟೇ. ಬಿ06.9 ನಾಲ್ಕು ಅಕ್ಷರಗಳಲ್ಲೇ ಪೂರ್ಣ.

ಈಗ ಮುಖ್ಯ ವಿಷಯ. ‘ರುಬೆಲ್ಲಾ ಐಜಿಜಿ ಪಾಸಿಟಿವ್’ (ಐಜಿಜಿ ಎಂದರೆ ರಕ್ತದಲ್ಲಿ ದೀರ್ಘಕಾಲ ಉಳಿಯುವ ಪ್ರತಿಕಾಯ) ಎಂದರೆ ಕಾಯಿಲೆ ಇದೆ ಎಂದಲ್ಲ, ಲಸಿಕೆಯಿಂದಲೋ ಹಿಂದಿನ ಸೋಂಕಿನಿಂದಲೋ ರೋಗನಿರೋಧಕ ಶಕ್ತಿ ಬಂದಿದೆ ಎಂದು. ಇದಕ್ಕೆ ಬಿ06.9 ಹಾಕಿದರೆ ಆರೋಗ್ಯವಾಗಿರುವ ಗರ್ಭಿಣಿಯ ದಾಖಲೆಯಲ್ಲಿ ಮಗುವಿಗೆ ಅಪಾಯ ತರುವ ರೋಗವೊಂದು ಉಳಿದುಬಿಡುತ್ತದೆ. ಕೆಲಸಕ್ಕೆ ಸೇರುವ ನರ್ಸ್ ಟೈಟರ್ (ಪ್ರತಿಕಾಯದ ಮಟ್ಟ ಅಳೆಯುವ ಪರೀಕ್ಷೆ) ಮಾಡಿಸಲು ಬಂದಿದ್ದರೆ ಝಡ್01.84. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೆ ಬಂದಿದ್ದರೆ ಝಡ್23. ಸೋಂಕಿತರ ಸಂಪರ್ಕಕ್ಕೆ ಬಂದಿದ್ದು, ರೋಗ ಇಲ್ಲದಿದ್ದರೆ ಝಡ್20.4. ಐಜಿಎಂ (ಹೊಸ ಸೋಂಕಿನಲ್ಲಿ ಕಾಣುವ ಪ್ರತಿಕಾಯ) ಪಾಸಿಟಿವ್ ಇದ್ದರೂ ವರದಿ ನೋಡಿ ನೀವೇ ರೋಗ ನಿರ್ಧರಿಸಬೇಡಿ. ವೈದ್ಯರು ಡಯಾಗ್ನೋಸಿಸ್ ಬರೆದಿರಬೇಕು.

ಹೊರರೋಗಿ ಚಾರ್ಟ್‌ನಲ್ಲಿ ‘ಶಂಕೆ’, ‘ಇರಬಹುದು’ ಎಂದಷ್ಟೇ ಇದ್ದರೆ ಲಕ್ಷಣಗಳನ್ನೇ ಕೋಡ್ ಮಾಡಿ: ಮೈಮೇಲಿನ ದದ್ದಿಗೆ ಆರ್21, ಜ್ವರಕ್ಕೆ ಆರ್50.9. ಒಳರೋಗಿಯಾಗಿದ್ದು, ಡಿಸ್ಚಾರ್ಜ್ ಹೊತ್ತಿಗೂ ‘ಸಂಭಾವ್ಯ ರುಬೆಲ್ಲಾ’ ಎಂದೇ ಇದ್ದರೆ, ರೋಗ ಇದೆ ಎಂದೇ ಭಾವಿಸಿ ಕೋಡ್ ಮಾಡುವುದು ನಿಯಮ. ಹೊಸಬರು ಈ ಎರಡನ್ನೂ ಅದಲುಬದಲು ಮಾಡುವುದು ಸಾಮಾನ್ಯ.

ರೋಗ ಖಚಿತವಾಗಿದ್ದರೆ ದದ್ದು, ಸಣ್ಣ ಜ್ವರ, ಕಿವಿಯ ಹಿಂದಿನ ಗಂಟು ಇವಕ್ಕೆ ಬೇರೆ ಕೋಡ್ ಬೇಡ, ಅವು ರೋಗದ್ದೇ ಭಾಗ. ತೊಡಕು ಇದೆಯೇ ಎಂದು ಮಾತ್ರ ನೋಡಿ: ಮಿದುಳಿನ ಉರಿಯೂತಕ್ಕೆ ಬಿ06.01, ಮೆನಿಂಜೈಟಿಸ್‌ಗೆ ಬಿ06.02, ನ್ಯುಮೋನಿಯಾಗೆ ಬಿ06.81, ಸಂಧಿವಾತಕ್ಕೆ ಬಿ06.82. ವಯಸ್ಕ ಹೆಂಗಸರಲ್ಲಿ ಕೀಲುನೋವು ಸಾಮಾನ್ಯ. ಆದರೆ ‘ಕೀಲುನೋವು’ ಎಂಬ ಪದ ಕಂಡ ಕೂಡಲೇ ಬಿ06.82ಕ್ಕೆ ಹಾರಬೇಡಿ, ರುಬೆಲ್ಲಾದಿಂದ ಆರ್ಥ್ರೈಟಿಸ್ ಎಂದು ವೈದ್ಯರು ಬರೆದಿಲ್ಲದಿದ್ದರೆ ಅವರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳುಹಿಸಿ.

ಗರ್ಭಿಣಿಗೆ ಸೋಂಕು ತಗುಲಿದ್ದರೆ ಓ98.51 ಗುಂಪಿನ ಕೋಡ್ ಮೊದಲು ಬರಬೇಕು, ಆಮೇಲೆ ಬಿ06.9. ಕೊನೆಯ ಅಂಕಿ ತ್ರೈಮಾಸಿಕವನ್ನು ಹೇಳುತ್ತದೆ: ಓ98.511 ಮೊದಲನೆಯದು, ಅಂದರೆ 14 ವಾರ ತುಂಬುವ ಮುಂಚೆ. ಭ್ರೂಣಕ್ಕೆ ಹಾನಿಯಾಗಿರಬಹುದೆಂದು ತಾಯಿಗೆ ವಿಶೇಷ ಆರೈಕೆ ನಡೆದಿದ್ದರೆ ಓ35.3 ಗುಂಪನ್ನೂ ನೋಡಿ. ಹುಟ್ಟುವಾಗಲೇ ಸೋಂಕಿದ್ದ ಮಗುವಿಗೆ ಪಿ35.0. ಬಿ06ರ ಕೆಳಗಿನ ಎಕ್ಸ್‌ಕ್ಲೂಡ್ಸ್1 ಸೂಚನೆ ಇದನ್ನೇ ಹೇಳುತ್ತದೆ. ಪಿ35.0, ಬಿ06 ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ.