ಕಾನ್ವೆಂಟ್‌ಗೆ ಸೇರಿಸೋ ಮುಂಚೆ: ಕೋಲಾರಕ್ಕೆ ಹೊಸದಾಗಿ ಬಂದ ಮನೆಯವರಿಗೆ

ನರಸಾಪುರ, ವೇಮಗಲ್ ಕಡೆ ಕಂಪನಿಗಳು ಬಂದ ಮೇಲೆ ನಮ್ಮ ಕನ್ನಡ ಸಂಘದ ಬಾಗಿಲಿಗೆ ಹೊಸಬರು ಜಾಸ್ತಿ ಬರುತ್ತಿದ್ದಾರೆ. ಬಂದವರು ಕೇಳುವುದು ಮೂರೇ ಪ್ರಶ್ನೆ. ಬಾಡಿಗೆ ಮನೆ ಎಲ್ಲಿ ಸಿಗುತ್ತೆ? ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ? ಮಕ್ಕಳನ್ನು ಯಾವ ಕಾನ್ವೆಂಟ್‌ಗೆ ಸೇರಿಸೋದು? ಮೊದಲಿನ ಎರಡಕ್ಕೆ ಬೇರೆ ಹಾಳೆ ಇದೆ. ಇದು ಮೂರನೆಯದಕ್ಕೆ.

ಮೊದಲು ಆ ಪದದ ಗಂಟು ಬಿಡಿಸೋಣ. ನಮ್ಮೂರಲ್ಲಿ ಟೈ ಕಟ್ಟಿಸಿ ಇಂಗ್ಲಿಷ್ ಕಲಿಸುವ ಶಾಲೆಯೆಲ್ಲ ಕಾನ್ವೆಂಟೇ. ವನಸ್ಪತಿಗೆಲ್ಲ ಡಾಲ್ಡಾ ಅನ್ನುತ್ತಿದ್ದೆವಲ್ಲ, ಹಾಗೆ. ನಿಜದಲ್ಲಿ ಕಾನ್ವೆಂಟ್ ಅಂದರೆ ಕ್ಯಾಥೊಲಿಕ್ ಸನ್ಯಾಸಿನಿಯರು, ಅಂದರೆ ಸಿಸ್ಟರ್‌ಗಳು, ಒಟ್ಟಿಗೆ ವಾಸ ಮಾಡುವ ಮನೆ. ಆ ಮನೆಗೆ ಅಂಟಿಕೊಂಡ ಶಾಲೆಗೂ ಅದೇ ಹೆಸರು ಬಂತು. ಆಮೇಲೆ ಬೀದಿಗೊಂದು ಬೋರ್ಡಿಗೂ ಬಂತು.

ಸಂತರ ಹೆಸರು ನೋಡಿಯೂ ಮೋಸ ಹೋಗಬೇಡಿ. ಸೇಂಟ್ ಜೋಸೆಫ್, ಸೇಂಟ್ ಮೇರಿ, ಸೇಂಟ್ ಆನ್, ಇವುಗಳನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಸಿಂಧನೂರು ಕಡೆಯಿಂದ ಬಂದ ಒಬ್ಬರು, ಮಗ ಅಲ್ಲಿ ಓದುತ್ತಿದ್ದ ಶಾಲೆಯ ಹೆಸರನ್ನೇ ಇಲ್ಲೊಂದು ಬೋರ್ಡಿನ ಮೇಲೆ ನೋಡಿ ಖುಷಿಯಾಗಿಬಿಟ್ಟಿದ್ದರು. ಒಂದೇ ಸಂಸ್ಥೆ ಅಲ್ವಾ, ಟ್ರಾನ್ಸ್‌ಫರ್ ಮಾಡಿಸಿದರಾಯ್ತು ಅಂತ. ಎರಡು ದಿನ ರಜೆ ಹಾಕಿ ಓಡಾಡಿದರು. ಎರಡು ಶಾಲೆಗೂ ಎಣ್ಣೆ ಸೀಗೆಕಾಯಿ ಸಂಬಂಧ ಕೂಡ ಇರಲಿಲ್ಲ. ಅಂದಹಾಗೆ, ಒಂದೇ ಸಂಸ್ಥೆಯದ್ದಾದರೂ ಸೀಟು ತಾನಾಗಿ ವರ್ಗ ಆಗುವುದಿಲ್ಲ. ಹಳೇ ಶಾಲೆಯ ಮುಖ್ಯಸ್ಥರಿಂದ ಒಂದು ಪತ್ರ ತಂದರೆ ಮಾತು ಶುರು ಮಾಡಲು ಸುಲಭ, ಅಷ್ಟೇ.

ಹಾಗಾದರೆ ಕೇಳಬೇಕಾದ್ದು ಏನು? "ಈ ಶಾಲೆ ಯಾವ ಸಭೆಯದು?" ಇದೊಂದೇ. ಸಭೆ ಅಂದರೆ ಇಲ್ಲಿ ಮೀಟಿಂಗ್ ಅಲ್ಲ, ಒಂದೇ ನಿಯಮಕ್ಕೆ ಕಟ್ಟುಬಿದ್ದ ಸನ್ಯಾಸಿ ಅಥವಾ ಸನ್ಯಾಸಿನಿಯರ ಸಂಘ.

ಮಠದ ಶಾಲೆ ನಮಗೆಲ್ಲ ಗೊತ್ತು. ತುಮಕೂರಿನ ಸಿದ್ಧಗಂಗೆಗೆ ಒಂದು ದಾರಿ, ಆದಿಚುಂಚನಗಿರಿಗೆ ಒಂದು ದಾರಿ, ಸುತ್ತೂರಿಗೆ ಇನ್ನೊಂದು. ಕ್ಯಾಥೊಲಿಕ್ ಸಭೆಗಳೂ ಹಾಗೆಯೇ. ಯೇಸುಸಭೆಯವರದು, ಅಂದರೆ ಜೆಸ್ಯೂಟರದು, ಕಾಲೇಜು ಕಟ್ಟುವ ಕೈ. ಮಂಗಳೂರಿನ ಸೇಂಟ್ ಅಲೋಷಿಯಸ್ 1880ರಲ್ಲಿ ಅವರು ಶುರು ಮಾಡಿದ್ದು. ಡಾನ್ ಬಾಸ್ಕೊ ಹೆಸರಿನ ಸಲೇಶಿಯನ್ ಸಭೆ ಹುಟ್ಟಿದ್ದು ಇಟಲಿಯ ಟ್ಯೂರಿನ್‌ನಲ್ಲಿ, ಬೀದಿಯಲ್ಲಿ ಅಲೆಯುತ್ತಿದ್ದ ಹುಡುಗರಿಗಾಗಿ. ಕೈಕೆಲಸ ಕಲಿಸುವುದು ಅವರ ಗುರುತು. ಬೆಥನಿ ಸಿಸ್ಟರ್‌ಗಳ ಸಭೆ ವಿದೇಶದ್ದಲ್ಲ, 1921ರಲ್ಲಿ ಮಂಗಳೂರಲ್ಲೇ ಹುಟ್ಟಿದ್ದು. ಇವು ಬಿಟ್ಟು ಬಿಷಪ್ ಕೈಕೆಳಗಿನ ಧರ್ಮಪ್ರಾಂತ್ಯದ ಶಾಲೆಗಳೂ ಇರುತ್ತವೆ. ಕೋಲಾರ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದೆ. ಮೆಥೊಡಿಸ್ಟರ ಸಂಸ್ಥೆಗಳೂ ನಮ್ಮೂರಲ್ಲಿ ಹಳೆಯವು, ಆದರೆ ಅವರು ಕ್ಯಾಥೊಲಿಕರಲ್ಲ, ಬೇರೆ.

ಸಭೆ ಯಾವುದು ಅಂತ ಕೇಳಲು ಸಂಕೋಚವಾದರೆ ಮುಖ್ಯೋಪಾಧ್ಯಾಯರ ಹೆಸರಿನ ಹಲಗೆ ನೋಡಿ. ಹೆಸರಿನ ಮುಂದೆ ಎಸ್‌.ಜೆ. ಇದ್ದರೆ ಯೇಸುಸಭೆ, ಎಸ್‌.ಡಿ.ಬಿ. ಇದ್ದರೆ ಡಾನ್ ಬಾಸ್ಕೊ, ಎಫ್‌.ಎಸ್‌.ಸಿ. ಇದ್ದರೆ ಡೆ ಲಾ ಸಾಲ್ ಬ್ರದರ್‌ಗಳು. ನಾವು ಅದನ್ನು ಡಿಗ್ರಿ ಅಂದುಕೊಂಡಿರುತ್ತೇವೆ!

ಲ್ಯಾಟಿನ್ ಬೇಡ ಅಂದ ಮೇಷ್ಟ್ರು

ಈ ಕೊನೆಯ ಸಭೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕನ್ನಡ ಸಂಘದವರು ಇದನ್ನೇಕೆ ಹೇಳುತ್ತಾರೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಜಾನ್ ಬ್ಯಾಪ್ಟಿಸ್ಟ್ ಡೆ ಲಾ ಸಾಲ್ 1651ರಲ್ಲಿ ಫ್ರಾನ್ಸಿನ ರಾನ್ಸ್ ಪಟ್ಟಣದಲ್ಲಿ ಹುಟ್ಟಿದವರು. ಅನುಕೂಲಸ್ಥರ ಮನೆ, ದೊಡ್ಡ ಚರ್ಚಿನಲ್ಲಿ ಒಳ್ಳೇ ಹುದ್ದೆ. ಬಡ ಮಕ್ಕಳ ಶಾಲೆಗೆ ಮೇಷ್ಟ್ರುಗಳನ್ನು ಹೊಂದಿಸಿಕೊಡುವ ಕೆಲಸ ಆಕಸ್ಮಿಕವಾಗಿ ಕೈಗೆ ಬಂತು. ಆಗಿನ ಮೇಷ್ಟ್ರುಗಳಿಗೆ ಓದು ಕಮ್ಮಿ, ಮರ್ಯಾದೆ ಇನ್ನೂ ಕಮ್ಮಿ. ನನ್ನ ಮನೆಯ ಆಳಿಗಿಂತ ಕೆಳಗೆ ಅಂತ ಮೊದಮೊದಲು ಎಣಿಸಿದ್ದೆ ಎಂದು ಅವರೇ ಬರೆದುಕೊಂಡಿದ್ದಾರೆ. ಅಂಥವರನ್ನು 1681ರಲ್ಲಿ ತಮ್ಮ ಮನೆಗೇ ಕರೆದುಕೊಂಡು ಬಂದರು. ನೆಂಟರು ಕೆಂಡಾಮಂಡಲವಾದರು. ಎರಡು ವರ್ಷಕ್ಕೆ ಹುದ್ದೆ ಬಿಟ್ಟರು. ಆಮೇಲೆ ಬಂದ ಬರಗಾಲದಲ್ಲಿ ಆಸ್ತಿಯನ್ನು ರೊಟ್ಟಿ ಮಾಡಿ ಹಂಚಿಬಿಟ್ಟರು.

ಆ ಮೇಷ್ಟ್ರುಗಳೇ ಮುಂದೆ ಒಂದು ಸಭೆಯಾದರು. ಹೆಸರು 'ಕ್ರೈಸ್ತ ಶಾಲೆಗಳ ಸಹೋದರರು'. ಇವರು ಪಾದ್ರಿಗಳಲ್ಲ. ಮದುವೆಯಾಗುವುದಿಲ್ಲ, ವ್ರತ ತೊಡುತ್ತಾರೆ, ಆದರೆ ಬಲಿಪೂಜೆ, ಅಂದರೆ ಚರ್ಚಿನಲ್ಲಿ ಪಾದ್ರಿಗಳು ಮಾಡುವ ಮಾಸ್, ಮಾಡುವುದಿಲ್ಲ. ಪಾಠವೇ ಅವರ ಪೂಜೆ ಅನ್ನಬಹುದು.

ಆಗ ಫ್ರಾನ್ಸಿನಲ್ಲಿ ಮಕ್ಕಳಿಗೆ ಓದು ಶುರುವಾಗುತ್ತಿದ್ದುದು ಲ್ಯಾಟಿನ್‌ನಲ್ಲಿ. ಮನೆಯಲ್ಲಿ ಯಾರೂ ಆಡದ ಭಾಷೆ. ಡೆ ಲಾ ಸಾಲ್ ಇದನ್ನು ತಿರುಗಿಸಿದರು. ಮೊದಲು ಮಗು ಆಡುವ ಫ್ರೆಂಚ್, ಲ್ಯಾಟಿನ್ ಆಮೇಲೆ. ಇದನ್ನು ಒಪ್ಪದ ಬಿಷಪ್ ಒಬ್ಬರಿಗೆ ಅವರು ಕೊಟ್ಟ ಕಾರಣ ಬಹಳ ಲೋಕದ್ದು. ಬಡವರ ಮಕ್ಕಳು ಬೇಗ ಶಾಲೆ ಬಿಟ್ಟು ದುಡಿಯಲು ಹೋಗುತ್ತಾರೆ. ಅಷ್ಟರೊಳಗೆ ಲ್ಯಾಟಿನ್ ಪೂರ್ತಿ ಬರುವುದಿಲ್ಲ, ಫ್ರೆಂಚ್ ಶುರುವೇ ಆಗಿರುವುದಿಲ್ಲ. ಎರಡೂ ಇಲ್ಲದೆ ಹೋಗುತ್ತಾರೆ. ಫ್ರೆಂಚ್ ಮೊದಲು ಕಲಿತರೆ ಬಿಟ್ಟು ಹೋಗುವಾಗ ಓದು ಕೈಯಲ್ಲಿ ಇರುತ್ತೆ.

ತರಗತಿ ನಡೆಸುವ ಕ್ರಮವನ್ನೂ ಬದಲಿಸಿದರು. ಅಲ್ಲಿಯವರೆಗೆ ಮೇಷ್ಟ್ರು ಒಬ್ಬೊಬ್ಬರನ್ನೇ ಹತ್ತಿರ ಕರೆದು ಹೇಳಿಕೊಡುವುದು ಹೆಚ್ಚು. ಉಳಿದವರು ಸುಮ್ನೆ ಕೂರಬೇಕು, ಅಥವಾ ಕಿತ್ತಾಡಬೇಕು. ಇವರು ಒಂದೇ ಮಟ್ಟದ ಮಕ್ಕಳನ್ನು ಒಟ್ಟು ಕೂರಿಸಿ, ಎಲ್ಲರಿಗೂ ಒಂದೇ ಪುಸ್ತಕ ಕೊಟ್ಟು, ಒಟ್ಟಿಗೆ ಪಾಠ ಮಾಡುವುದನ್ನು ತಮ್ಮ ಎಲ್ಲ ಶಾಲೆಗಳಲ್ಲಿ ರೂಢಿಗೆ ತಂದರು. ಮೇಷ್ಟ್ರು ಗಂಟಲು ಹರಿದುಕೊಳ್ಳಬಾರದು ಅಂತ ಮರದ ಒಂದು ಸಣ್ಣ ಸಾಧನ ಕೈಯಲ್ಲಿ. ಟಕ್ ಅಂದರೆ ಓದುತ್ತಿದ್ದವನು ನಿಲ್ಲಿಸಬೇಕು. ಬೆಳಗಿನ ತಿಂಡಿಯನ್ನು ಮಕ್ಕಳು ಶಾಲೆಯಲ್ಲೇ ತಿನ್ನುತ್ತಿದ್ದರು. ಮಿಕ್ಕ ರೊಟ್ಟಿ ಹಾಕಲು ಒಂದು ಬುಟ್ಟಿ, ತರದೇ ಬಂದವರಿಗೆ ಅದರಿಂದ. ಫೀಸು ಇಲ್ಲ. ಪ್ಯಾರಿಸ್‌ನಲ್ಲಿ ದುಡ್ಡಿಗೆ ಬರವಣಿಗೆ ಕಲಿಸುತ್ತಿದ್ದ ಮೇಷ್ಟ್ರುಗಳ ಸಂಘ ಇದಕ್ಕಾಗಿಯೇ ಇವರನ್ನು ಕೋರ್ಟಿಗೆ ಎಳೆಯಿತು. ಟ್ಯೂಷನ್ ಮೇಷ್ಟ್ರುಗಳ ಸಿಟ್ಟು ಹಳೇದು ನೋಡಿ.

ಅವರು 1719ರಲ್ಲಿ ತೀರಿಕೊಂಡರು. 1900ರಲ್ಲಿ ಸಂತ ಅಂತ ಘೋಷಣೆಯಾಯಿತು, 1950ರಲ್ಲಿ ಶಿಕ್ಷಕರ ಪಾಲಕ ಸಂತ ಅಂತ. ಸಭೆ ಮಾತ್ರ ನಿಲ್ಲಲಿಲ್ಲ. 1852ರಲ್ಲಿ ಪೆನಾಂಗ್ ಮತ್ತು ಸಿಂಗಪುರಕ್ಕೆ ಬ್ರದರ್‌ಗಳು ಬಂದಿಳಿದರು, 1875ರಲ್ಲಿ ಹಾಂಗ್‌ಕಾಂಗ್‌ಗೆ. 1904ರಲ್ಲಿ ಫ್ರಾನ್ಸ್ ಸರ್ಕಾರ ಸನ್ಯಾಸ ಸಭೆಗಳು ಪಾಠ ಮಾಡುವುದನ್ನೇ ನಿಷೇಧಿಸಿತು. ಸಾವಿರಾರು ಬ್ರದರ್‌ಗಳು ಗಂಟುಮೂಟೆ ಕಟ್ಟಿ ಬೇರೆ ದೇಶ ಹಿಡಿದರು. ಮನೆಯಿಂದ ಓಡಿಸಿದ್ದೇ ಊರೆಲ್ಲ ಹಬ್ಬಲು ಒಂದು ಕಾರಣವಾಯಿತು. ಮನಿಲಾದಲ್ಲಿ 1911ರಲ್ಲಿ ಶುರುವಾದ ಶಾಲೆ ಈಗ ದೊಡ್ಡ ವಿಶ್ವವಿದ್ಯಾಲಯ. ಪಕ್ಕದ ತಮಿಳುನಾಡಿನ ತೂತ್ತುಕುಡಿಯಲ್ಲೂ ಇವರ ಶಾಲೆ ಇದೆ. ಇವತ್ತು ಸುಮಾರು 80 ದೇಶ. ಆದರೆ ಬ್ರದರ್‌ಗಳೇ ಕಮ್ಮಿಯಾಗಿದ್ದಾರೆ, ಪಾಠ ಮಾಡುವವರಲ್ಲಿ ಹೆಚ್ಚಿನವರು ಸಂಸಾರಸ್ಥ ಮೇಷ್ಟ್ರು, ಮೇಡಂಗಳು. ಇದು ಎಲ್ಲ ಸಭೆಗಳ ಕಥೆ. ನಮ್ಮ ಕಡೆಯೂ ಹಾಗೇ. ಗೇಟಲ್ಲಿ ಒಬ್ಬ ಸಿಸ್ಟರ್ ಕಂಡರೂ ಕ್ಲಾಸಲ್ಲಿ ನಿಮ್ಮ ಮಗುವಿಗೆ ಲೆಕ್ಕ ಹೇಳಿಕೊಡುವವರು ಬಂಗಾರಪೇಟೆಯಿಂದಲೋ ಮುಳಬಾಗಿಲಿಂದಲೋ ಬಸ್ಸಲ್ಲಿ ಬರುವವರು.

ನಾಲ್ಕಾಣೆ ದಂಡ

ಇದನ್ನು ಬರೆಯುತ್ತಿರುವ ನಾನು ಓದಿದ್ದೂ ಅಂಥ ಒಂದು ಶಾಲೆಯಲ್ಲೇ, ಹೆಸರು ಬೇಡ. ಅಲ್ಲಿ ಕನ್ನಡ ಆಡಿದರೆ ನಾಲ್ಕಾಣೆ ದಂಡ. ಒಮ್ಮೆ ಐಸ್‌ಕ್ಯಾಂಡಿಗೆ ಇಟ್ಟುಕೊಂಡಿದ್ದ ನಾಲ್ಕಾಣೆಯನ್ನು ಕ್ಲಾಸ್ ಲೀಡರ್ ಕೈಗೆ ಹಾಕಿದ್ದು ಈಗಲೂ ನೆನಪಿದೆ. ನಾನು ಆಡಿದ್ದು ಒಂದೇ ಪದ, "ಅಯ್ಯೋ". ಅದು ಕನ್ನಡವೋ ತೆಲುಗೋ ತಮಿಳೋ ಅಂತ ವಾದ ಮಾಡುವಷ್ಟು ಬುದ್ಧಿ ಆಗ ಇರಲಿಲ್ಲ. ಲ್ಯಾಟಿನ್ ಬೇಡ, ಮಗುವಿನ ಮಾತಲ್ಲೇ ಶುರು ಮಾಡಿ ಅಂದವರ ಕಥೆಯನ್ನು ನಾನು ಓದಿದ್ದು ತುಂಬ ಆಮೇಲೆ. ಸಿಟ್ಟೂ ಬಂತು, ನಗೂ ಬಂತು.

ಕನ್ನಡದ ವಿಷಯ ಕೇಳಲು ಹಿಂಜರಿಯಬೇಡಿ ಅನ್ನುವುದು ಅದಕ್ಕೇ. ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲನೇ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು. ಯಾವ ಭಾಷೆಯಾಗಿ ಕಲಿಸುತ್ತಾರೆ, ವಾರಕ್ಕೆ ಎಷ್ಟು ಪೀರಿಯಡ್, ಕನ್ನಡಕ್ಕೇ ಬೇರೆ ಮೇಡಂ ಇದ್ದಾರಾ ಅಂತ ವಿಚಾರಿಸಿ. ಸಾಧ್ಯವಾದರೆ ಮೂರನೇ ಕ್ಲಾಸಿನ ಒಂದು ಕನ್ನಡ ನೋಟ್‌ಬುಕ್ ತೋರಿಸಿ ಅನ್ನಿ. ಕೆಂಪು ಇಂಕಿನ ತಿದ್ದುಪಡಿ ಎಷ್ಟಿದೆ ನೋಡಿದರೆ ಸಾಕು, ಉಳಿದದ್ದು ತಿಳಿಯುತ್ತೆ.

ನಮ್ಮದು ಗಡಿ ಜಿಲ್ಲೆ. ಮನೆಯಲ್ಲಿ ತೆಲುಗು, ಕೆಜಿಎಫ್ ಕಡೆ ತಮಿಳು, ಬೀದಿಯಲ್ಲಿ ಎಲ್ಲ ಕಲಸಿದ್ದು. ತೆಲುಗು ಮನೆಯ ಮಕ್ಕಳಿಗೆ ಕನ್ನಡ ಅಕ್ಷರ ಕಷ್ಟವಾಗುವುದಿಲ್ಲ, ಎರಡು ಲಿಪಿಗಳೂ ಅಕ್ಕತಂಗಿಯರ ಥರ. ಮನೆಮಾತು ಬಿಡಿಸಬೇಡಿ. ಅದರ ಜೊತೆಗೆ ಕನ್ನಡ ಓದಿಸಿ.

ಸೇರಿಸುವ ಕೆಲಸ

ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ರಾಜ್ಯದ ನಿಯಮ. ನಡುವೆ ಸಡಿಲಿಕೆ ಕೊಟ್ಟದ್ದೂ ಇದೆ, ಆ ವರ್ಷದ ಸುತ್ತೋಲೆ ನೋಡಿ. ಜನನ ಪ್ರಮಾಣಪತ್ರ, ಆಧಾರ್, ಫೋಟೋ ಇಟ್ಟುಕೊಳ್ಳಿ; ಜಾತಿ ಮತ್ತು ಆದಾಯ ಪತ್ರ ಬೇಕಾದವರು ಅದನ್ನೂ. ರಾಜ್ಯದ ಒಳಗಿಂದ ಬಂದವರು ಹಳೇ ಶಾಲೆಯಲ್ಲಿ ಮಗುವಿನ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗೆ ಇರುವ ಸಂಖ್ಯೆ) ತಪ್ಪದೆ ಬರೆಸಿಕೊಳ್ಳಿ. ಹೊರ ರಾಜ್ಯದ ಟಿಸಿಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುತ್ತಾರೆ. ಅದಕ್ಕಾಗಿ ಮತ್ತೆ ಕರ್ನೂಲಿಗೋ ಸೇಲಂಗೋ ಹೋಗಿ ಬಂದವರನ್ನು ಕಂಡಿದ್ದೇವೆ, ಹೊರಡುವ ಮುಂಚೆಯೇ ಮಾಡಿಸಿಬಿಡಿ.

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ, ಸೀಟು ಕೇಳಿಕೊಂಡು ಈ ಶಾಲೆಗಳಿಗೆ ಹೋಗಬೇಡಿ. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಬದಲಿಗೆ ಅನುದಾನಿತವೋ ಅಲ್ಲವೋ ವಿಚಾರಿಸಿ. ಮೇಷ್ಟ್ರುಗಳ ಸಂಬಳ ಸರ್ಕಾರದ್ದಾದರೆ ಫೀಸು ಸಾಮಾನ್ಯವಾಗಿ ಕಮ್ಮಿ. ಕಷ್ಟ ಇದ್ದರೆ ಮುಖ್ಯಸ್ಥರ ಹತ್ತಿರ ಬಿಚ್ಚಿ ಹೇಳಿ, ಕೆಲವು ಕಡೆ ಕಂತು ಮಾಡಿಕೊಡುತ್ತಾರೆ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ.

ಪ್ರಾರ್ಥನೆ ಬಗ್ಗೆ ಅಜ್ಜಿಯರು ಕೇಳುತ್ತಾರೆ. ಸಂವಿಧಾನದ 28ನೇ ವಿಧಿ ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ತಂದೆತಾಯಿ ಒಪ್ಪದೆ ಮಗುವನ್ನು ಧರ್ಮಬೋಧನೆಗೆ ಕೂರಿಸುವಂತಿಲ್ಲ. ಕ್ಯಾಥೊಲಿಕ್ ಮಕ್ಕಳಿಗೆ ಧರ್ಮದ ಪಾಠ ಇದ್ದಾಗ ಉಳಿದವರಿಗೆ ನೀತಿಪಾಠ ಇರುವುದು ರೂಢಿ. ನಮಗೆ ಜಗಳ ಬಂದಿರುವುದು ಇದಕ್ಕಲ್ಲ, ಬಳೆ, ಹೂವು, ಮೆಹಂದಿಗೆ. ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ ಕೈ ತುಂಬ ಮೆಹಂದಿ ಹಾಕಿಕೊಂಡು ಹೋದ ಮಗು ಅಳುತ್ತಾ ಬರುವುದು ಬೇಡ ಅಂದರೆ, ಡೈರಿಯ ಹಿಂದಿನ ಪುಟದಲ್ಲಿರುವ ನಿಯಮಗಳನ್ನು ಸೇರಿಸುವ ದಿನವೇ ಓದಿಕೊಳ್ಳಿ.

ಕರೆಯುವುದು ಹೇಗೆ ಅನ್ನುವ ಮುಜುಗರವೂ ಇರುತ್ತೆ. ಪೂಜೆ ಮಾಡುವವರು ಫಾದರ್, ಮಾಡದ ಗಂಡಸರು ಬ್ರದರ್, ಹೆಂಗಸರು ಸಿಸ್ಟರ್. ತಪ್ಪಿ ಬ್ರದರ್‌ಗೆ ಫಾದರ್ ಅಂದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮಸ್ಕಾರ ಅಂದರೆ ಎಲ್ಲರಿಗೂ ಆಗುತ್ತೆ.

ಕೊನೆಗೆ ಟಿಸಿ. ಕೈಗೆ ಬಂದ ತಕ್ಷಣ ಕಿಟಕಿಯ ಹತ್ತಿರವೇ ನಿಂತು ಮಗುವಿನ ಹೆಸರು, ಅಪ್ಪನ ಇನಿಷಿಯಲ್, ಹುಟ್ಟಿದ ತಾರೀಕು ಮೂರನ್ನೂ ಬೆರಳಿಟ್ಟು ಓದಿ. ನನ್ನ ಮಗಳದ್ದರಲ್ಲಿ 'ಕೆ' ಇರಬೇಕಾದ ಕಡೆ 'ಕೆ.ಕೆ.' ಆಗಿತ್ತು. ಮನೆಗೆ ಬಂದು ನೋಡಿದೆ. ತಿದ್ದಿಸಲು ನಾಲ್ಕು ತಿಂಗಳು ಹಿಡಿಯಿತು.